ಮೂರು ಚಪ್ಪಡಿ

ನಮ್ಮ ಪಂಚಾಯ್ತಿಗೆ ಎರಡು ಕೀ.
ಒಂದು ಪಿಡಿಒ ಶಶಿರೇಖಾ ಮೇಡಮ್ಮಿನ ಬ್ಯಾಗಿನಲ್ಲಿ,
ಇನ್ನೊಂದು ಅಧ್ಯಕ್ಷೆ ಸಣ್ಣಪಾಲಮ್ಮನ ಎಲೆಅಡಿಕೆ ಸಂಚಿಯಲ್ಲಿ.
ಬಾಗಿಲಿನವಲ್ಲ, ಖಾತೆಯವು.
ಕಂಪ್ಯೂಟರಿನ ಪಕ್ಕೆಗೆ ಚುಚ್ಚುವಂಥವು.
ಎರಡೂ ಒಪ್ಪಿದರೇ ಒಂದು ರೂಪಾಯಿ ಕದಲುವುದು.
ಅತ್ತೆಯ ಕೀ ಬಾಯಿಗೆ ಸುಣ್ಣ ಮೆತ್ತಿರುತ್ತದೆ,
(ವರಸೆಯಲ್ಲಿ ನನಗೆ ಅತ್ತೆ)
ಆಪರೇಟರ್ ಗಾದ್ರಿ ಊದಿ ಊದಿ ಒರೆಸುತ್ತಾನೆ:
"ಸರ್ಕಾರ ಎಲೆ ಹಾಕಲ್ಲ ಕಣವ್ವ."

ನಾನು ಬಿಲ್ ಕಲೆಕ್ಟರ್ ಪೆನ್ನೋಬಳಿ.
ಹಟ್ಟಿ ಏಳು, ಮನೆ ಎಂಟುನೂರ ಚಿಲ್ಲರೆ.
ನನ್ನನ್ನು ಕಂಡರೆ ನಾಯಿ ಬೊಗಳುವುದಿಲ್ಲ,
ಮನೆಯವರು ಮಾತ್ರ ಇರುವುದಿಲ್ಲ.

ಗುಡ್ಡದ ಮೇಲೆ ಹದಿನಾರು ಗಾಳಿಕಂಬ.
ಸಂಜೆಗೆ ಒಂದರ ರೆಕ್ಕೆಯ ನೆರಳು
ಪಂಚಾಯ್ತಿಯ ತಾರಸಿ ಗುಡಿಸಿ ಹೋಗುತ್ತದೆ, ಕೂಲಿ ಕೇಳದೆ.
"ಅವಕ್ಕೂ ಕಂದಾಯ ಹಾಕು," ಅಂದಳು ಅತ್ತೆ,
"ನಮ್ಮ ಗಾಳಿ ತಾನೆ?"
ನೋಟೀಸು ಬರೆದೆ. ಕಂಪನಿ ಸುಮ್ಮನಿತ್ತು,
ಉತ್ತರ ಮೇಲಿನಿಂದ ಬಂತು:
ಸದರಿ ವಿಷಯವು ಪರಿಶೀಲನೆಯಲ್ಲಿದ್ದು
ಅಲ್ಲಿಯವರೆಗೆ ವಸೂಲಿಗೆ ಮುಂದಾಗತಕ್ಕದ್ದಲ್ಲ.
ಗಾಳಿ ಪರಿಶೀಲನೆಗೆ ಕಾಯಲಿಲ್ಲ.

ಅನುದಾನ ಬರುತ್ತದೆ, ಇಲ್ಲ ಅನ್ನಬಾರದು.
ಬೀಗರ ಊರಿಂದ ಹೊರಟ ಹೋಳಿಗೆ ಬುಟ್ಟಿಯ ಹಾಗೆ
ಬರುವ ದಾರಿಯಲ್ಲೇ
ಬೀದಿದೀಪದ ಬಾಕಿ ಮುರಿದುಕೊಂಡು,
ಬೋರಿನ ಕರೆಂಟು ಬಾಕಿ ಮುರಿದುಕೊಂಡು.
ಆ ಕರೆಂಟು ಎಲ್ಲಿ ಹುಟ್ಟಿತು ಅಂತ
ನಾನು ಗುಡ್ಡದ ಕಡೆ ನೋಡಿದರೆ
ಮೇಡಂ, "ಪೆನ್ನೋಬಳಿ, ಬೇಡ," ಅನ್ನುತ್ತಾರೆ.
ಅವರಿಗೂ ಮೇಲೆ ನಾಲ್ಕು ಜನ.
ವಾರಕ್ಕೆ ಮೂರು ವಿಡಿಯೋ ಸಭೆ,
ಬೈಸಿಕೊಳ್ಳುವಾಗ ಮೈಕು ಮ್ಯೂಟಿನಲ್ಲಿರಬೇಕು.

ಅಂಗನವಾಡಿ ಹಳ್ಳದಾಚೆ.
ಐದು ಚಪ್ಪಡಿ ಹಾಸಿದರೆ ದಾಟಬಹುದು.
ಕ್ರಿಯಾಯೋಜನೆ ತಾಲ್ಲೂಕಿಗೆ ಹೋಯಿತು, ದುರ್ಗಕ್ಕೆ ಹೋಯಿತು,
ಏಳು ಸುತ್ತಿನ ಏಳೂ ಬಾಗಿಲು ತಟ್ಟಿ
ಅಂಚಿನಲ್ಲಿ ಹಸಿರು ಶಾಯಿ ಹೊತ್ತು ಬಂತು:
ನೀರಿನ ಬಾಬ್ತಿನ ಹಣ ನೀರು ಕೊಡುವುದಕ್ಕೆ,
ನೀರು ದಾಟುವುದಕ್ಕಲ್ಲ.

ಅತ್ತೆಯ ಅವಧಿ ಇನ್ನು ನಾಲ್ಕು ತಿಂಗಳು.
ಮೀಸಲು ಪಟ್ಟಿ ಎಂದೋ, ಚುನಾವಣೆ ಎಂದೋ.
ಅಲ್ಲಿತನಕ ಆಡಳಿತಾಧಿಕಾರಿಯಂತೆ,
ಆರು ಪಂಚಾಯ್ತಿಯ ಕೀ ಒಂದೇ ಗೊಂಚಲಲ್ಲಿ.

ಆ ರಾತ್ರಿ ಅವಳ ಮನೆಗೇ ಹೋಗಿ ರಸೀದಿ ಹರಿದೆ.
ಮುನ್ನೂರ ಹನ್ನೆರಡು.
ನೋಟು ಕೈಯಲ್ಲೇ ಹಿಡಿದು ಕೇಳಿದಳು,
"ಇದ್ಯಾವ ಬಾಬ್ತಿಗೆ ಹೋಗುತ್ತೋ?"
"ಇದು ನಮ್ದೇ ಅತ್ತೆ. ಸ್ವಂತ ಸಂಪನ್ಮೂಲ."
"ಸ್ವಂತ," ಅಂದಳು.
ಆ ಪದವನ್ನು ಎಲೆಯ ಜೊತೆ ಬಹಳ ಹೊತ್ತು ಅಗಿದಳು.

ಸ್ವಂತದಲ್ಲಿ ನೀರುಗಂಟಿಯ ಸಂಬಳ,
ನನ್ನದು (ಮೂರು ತಿಂಗಳ ಹಿಂದಿನದು),
ಬ್ಲೀಚಿಂಗ್ ಪುಡಿ, ಆಗಸ್ಟ್ ಹದಿನೈದರ ಚಾಕಲೇಟು
ಕಳೆದು, ಕಳೆದು
ಉಳಿದದ್ದು ಮೂರು ಚಪ್ಪಡಿ.
ಮೇಡಂ ಕಿಟಕಿ ನೋಡುತ್ತಾ ತಮ್ಮ ಕೀ ಒತ್ತಿದರು.
ಅತ್ತೆ ಸುಣ್ಣ ಒರೆಸಿ ತನ್ನದು.
ಟ್ರ್ಯಾಕ್ಟರ್ ಬಂತು.

ಆಡಿಟಿನವರು ಬಂದಾಗ ಹಳ್ಳದಲ್ಲಿ ಮೊಣಕಾಲುದ್ದ ನೀರು.
ಟೇಪು ಹಿಡಿದು ಅಳೆಯುತ್ತ ನಡೆದವರು
ಮೂರನೆಯದರ ತುದಿಗೆ ನಿಂತು
ಫೈಲು ಎದೆಗೆ ಅವಚಿಕೊಂಡು ಕೇಳಿದರು:
"ಇದಕ್ಕೆ ಅನುಮೋದನೆ ಎಲ್ಲಿ?"
"ಮ್ಯಾಲೈತೆ ಸ್ವಾಮಿ," ಅಂದಳು ಅತ್ತೆ, ದಡದಿಂದ.
"ಉಳಿದೆರಡು ಚಪ್ಪಡಿ?"
"ಅವೂ ಮ್ಯಾಲೇ."

ಅವರು ಮೇಲೆ ನೋಡಿದರು.
ರೆಕ್ಕೆ ತಿರುಗುತ್ತಿತ್ತು.
ಬಗ್ಗಿ, ಒಂದೊಂದಾಗಿ
ಬೂಟು ಬಿಚ್ಚತೊಡಗಿದರು.